ಶ್ರುತಿ ಸೇರಿತೇನಪಾ?

ಇವತ್ತು ಬೆಳಿಗ್ಗೆ ಏಳೂವರೆಗೆ ನನ್ನ ಗಿಟಾರಿನ ಒಂದನೇ ತಂತಿ, ಅಂದರೆ ಎಲ್ಲಕ್ಕಿಂತ ತೆಳುವಾದದ್ದು, ಹರಿಯಿತು. ಹರಿಯಿತು ಅನ್ನುವುದಕ್ಕಿಂತ, ಅವ್ವನ ಮಿಕ್ಸರ್ ಹರಿಸಿತು ಅನ್ನಬೇಕು. ಕೈಮೇಲೆ ಎದ್ದ ಕೆಂಪು ಬರೆ ನೋಡಿಕೊಳ್ಳುತ್ತ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನಿಂತೇ ಇದನ್ನು ಮೊಬೈಲಿನಲ್ಲಿ ಒತ್ತುತ್ತಿದ್ದೇನೆ.

ಎಲ್ಲರಂತೆ ಕಾರ್ಡ್ ಎಂಬ ಸ್ವರಗೊಂಚಲು ನಾಲ್ಕು ಕಲಿತು, ಗೆಳೆಯರ ಹುಟ್ಟುಹಬ್ಬಕ್ಕೆ ಜರ‍್ರಬರ‍್ರ ಬಾರಿಸಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ. ನನಗೆ ಹತ್ತಿದ ಹುಚ್ಚು ಬೇರೆ. ಹೆಬ್ಬೆರಳು ತನ್ನ ಪಾಡಿಗೆ ದಪ್ಪ ತಂತಿಗಳ ಮೇಲೆ ನಡೆಯುತ್ತಿರಬೇಕು, ಉಳಿದ ಬೆರಳು ತೆಳು ತಂತಿಗಳಲ್ಲಿ ಹಾಡು ಹೆಕ್ಕಬೇಕು. ಅದೂ ಎಲ್ಲರ ಶ್ರುತಿಯಲ್ಲಲ್ಲ. ಲೋಕದ ಗಿಟಾರುಗಳೆಲ್ಲ ದಪ್ಪ ತಂತಿಯಿಂದ ತೆಳುವಿನವರೆಗೆ ಇ ಎ ಡಿ ಜಿ ಬಿ ಇ ಎಂಬ ಸ್ವರಗಳಲ್ಲಿ ಸುಮ್ಮನಿದ್ದರೆ, ನಿಕ್ ಡ್ರೇಕ್ ಎಂಬ ಇಂಗ್ಲಿಷ್ ಹಾಡುಗಾರ ಪುಣ್ಯಾತ್ಮ ಸಿ ಜಿ ಸಿ ಎಫ್ ಸಿ ಇ ಅಂತ ಆರರಲ್ಲಿ ಐದು ತಂತಿಯ ಕಿವಿ ಹಿಂಡಿಟ್ಟು, 26ನೇ ವಯಸ್ಸಿಗೆ 1974ರಲ್ಲಿ ಹೋಗಿಬಿಟ್ಟ. ಹಾಡುಗಾರ್ತಿ ಜೋನಿ ಮಿಚೆಲ್‌ಗಾದರೆ ಕಾರಣವಿತ್ತು. ಎಳವೆಯಲ್ಲಿ ಪೋಲಿಯೊ ಬಂದು ಎಡಗೈ ಸೋತಿತ್ತು, ಬೆರಳಿಗೆ ಹಗುರಾಗಲಿ ಎಂದು ತಂತಿಗಳನ್ನೇ ಬೇರೆ ಬೇರೆ ಶ್ರುತಿಗೆ ತಂದುಕೊಂಡರು. ನನ್ನ ಎರಡೂ ಕೈ ಗಟ್ಟಿಮುಟ್ಟಾಗಿವೆ. ಸೋತದ್ದು ಬುದ್ಧಿ.

ತಂತಿ ಮೀಟಲೆಂದು ಬಲಗೈ ಉಗುರು ಬಿಟ್ಟಿರುವ ಕಷ್ಟ ಬೇರೆ. ರೊಟ್ಟಿ ಎಣ್ಣೆಗಾಯಿ ಉಂಡ ದಿನ ಸಂಜೆಯ ರಿಯಾಜಿಗೂ ಬದನೆಕಾಯಿಯ ವಾಸನೆ.

ಅದನ್ನೆಲ್ಲ ಸಹಿಸಬಹುದು. ಎದುರು ಮನೆ ಕಾಕಾನನ್ನು ಸಹಿಸುವುದು ಕಷ್ಟ. ಧಾರವಾಡದಲ್ಲಿ ಹುಟ್ಟಿ, ಮಲ್ಲಿಕಾರ್ಜುನ ಮನಸೂರರನ್ನು ಎದುರಿಗೆ ಕೂತು ಕೇಳಿದ ಕಿವಿ ಅದು. ನಾನು ಗಿಟಾರ್ ಮುಟ್ಟಿದರೆ ಸಾಕು, ಕಾಂಪೌಂಡಿನ ಆಚೆಯಿಂದ ಬರುತ್ತದೆ: "ಶ್ರುತಿ ಸೇರಿತೇನಪಾ?"

ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗಲು ನನಗೆ ಹತ್ತು ನಿಮಿಷ ಬೇಕು ನಿಜ. ಇಳಿಸಿದ ತಂತಿ ನಿಂತಲ್ಲಿ ನಿಲ್ಲುವುದಿಲ್ಲ. ಆರನೆಯದನ್ನು ಸರಿ ಮಾಡುವಷ್ಟರಲ್ಲಿ ಒಂದನೆಯದು ಜಾರಿರುತ್ತದೆ. "ಚಳಿಗಾಲದಾಗ ಶ್ರುತಿ ಹಚ್ಚಾಕ ಕುಂತಿದ್ದಿ, ಮಾವಿನಕಾಯಿ ಬಂದ್ವು" ಅಂದರು ಕಾಕಾ. ಹಾಲಿನವನಿಗೂ ಹೇಳಿದ್ದಾರೆ. ಈಗ ಅವನೂ ಲೀಟರ್ ಅಳೆಯುತ್ತ ಕೇಳುತ್ತಾನೆ. ಹೋದ ಗಣಪತಿ ಹಬ್ಬಕ್ಕೆ ಓಣಿಯ ಹುಡುಗರು ನನ್ನನ್ನೂ ಕರೆದಿದ್ದರು, ಮೈಕ್ ಚೆಕ್ ಮಾಡಲಿಕ್ಕೆ.

ಕಡೆಗೆ ಒಂದು ಸಂಜೆ, ಮೂರು ತಿಂಗಳು ತಿಕ್ಕಿದ ಹಾಡೊಂದನ್ನು ಒಂದೂ ತಪ್ಪಿಲ್ಲದೆ, ಮೊದಲಿನಿಂದ ಕೊನೆತನಕ ನುಡಿಸಿದೆ. ನಾಲ್ಕು ನಿಮಿಷ. ಕೊನೆಯ ತಂತಿಯ ನಾದ ಅಡಗುವ ತನಕ ಕಾಯ್ದೆ. ನನ್ನ ಕಣ್ಣಲ್ಲೇ ನೀರು. ಆಚೆಯಿಂದ ಕಾಕಾ ಮೆಚ್ಚಿಕೊಂಡರು: "ಹಾಂ, ಈಗ ಸೇರಿತ ನೋಡು. ಇನ್ನ ಹಾಡು ಸುರು ಮಾಡು."

ಇವತ್ತಿನ ಕಥೆಗೆ ಬರುತ್ತೇನೆ. ರಾತ್ರಿ ಗಿಟಾರನ್ನು ಡಿ ಎ ಡಿ ಜಿ ಎ ಡಿ ಶ್ರುತಿಯಲ್ಲೇ ಬಿಟ್ಟು ಮಲಗಿದ್ದೆ. 1960ರ ದಶಕದ ಆರಂಭದಲ್ಲಿ ಡೇವಿ ಗ್ರಹಾಂ ಎಂಬ ಇಂಗ್ಲಿಷರವನು ಮೊರಾಕೊದ ಕಡೆ ತಿರುಗಿ, ಅಲ್ಲಿಯ ಊದ್ ವಾದ್ಯಕ್ಕೆ ಹೊಂದಿಸಲು ಹೋಗಿ ಬಳಕೆಗೆ ತಂದ ಶ್ರುತಿ. ಅದನ್ನು ಮಾಮೂಲಿಗೆ ತರೋಣವೆಂದು ಒಂದನೇ ತಂತಿಯಿಂದ ಸುರು ಮಾಡಿದೆ. ಮುಂದೆ ಮೊಬೈಲಿನಲ್ಲಿ ಟ್ಯೂನರ್. ಮುಳ್ಳು ಎಡಕ್ಕಿತ್ತು, ಅಂದರೆ ಇನ್ನೂ ಬಿಗಿಯಬೇಕು. ಬಿಗಿದೆ. ಮುಳ್ಳು ಅಲ್ಲೇ. ಮತ್ತೆ ಬಿಗಿದೆ. ಮುಳ್ಳಿಗೆ ಕರುಣೆಯಿಲ್ಲ. ಪಕ್ಕದ ಅಡುಗೆಮನೆಯಲ್ಲಿ ಅವ್ವ ಶೇಂಗಾ ಹಿಂಡಿ ಮಾಡುತ್ತಿದ್ದಳು. ಮೊಬೈಲ್ ಕೇಳುತ್ತಿದ್ದದ್ದು ನನ್ನ ತಂತಿಯನ್ನಲ್ಲ, ಆ ಮಿಕ್ಸರನ್ನು ಅಂತ ಹೊಳೆಯುವುದಕ್ಕೂ, ಟಣ್ ಅಂತ ತಂತಿ ಹರಿದು ಕೈಗೆ ಬಾರಿಸುವುದಕ್ಕೂ ಸರಿಹೋಯಿತು. "ಏನೋ ಬಿತ್ತಲ್ಲೋ?" ಅಂದಳು ಅವ್ವ, ಮಿಕ್ಸರ್ ನಿಲ್ಲಿಸದೆ.

ಅಂಗಡಿಯವರು ಬಿಡಿ ತಂತಿ ಕೊಡುವುದಿಲ್ಲ, ಸೆಟ್ಟೇ ಕೊಳ್ಳಬೇಕು. ಹಾಗೆ ಉಳಿದ ದಪ್ಪ ತಂತಿಗಳು ಮನೆಯಲ್ಲಿ ಡಬ್ಬಿಗಟ್ಟಲೆ ಇವೆ. ಒಂದಕ್ಕೆ ಅವ್ವ ಅಡುಗೆಮನೆಯ ಪರದೆ ಇಳಿಬಿಟ್ಟಿದ್ದಾಳೆ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಐದೇ ತಂತಿಯಲ್ಲಿ ನುಡಿಸುತ್ತಾರೆ ಅಂತ ಸಮಾಧಾನ ಮಾಡಿಕೊಳ್ಳೋಣವೆಂದರೆ, ಅವರು ಬೇಕೆಂತಲೇ ತೆಗೆದದ್ದು ದಪ್ಪನೆಯ ಆರನೆಯದನ್ನು.

ಸಪ್ಪಳಕ್ಕೆ ಕಾಕಾ ಒಳಗೇ ಬಂದರು. ಏನೂ ಕೇಳಲಿಲ್ಲ. ನಾನು ಸಿಟ್ಟಿಗೆ ಉಳಿದ ಐದು ತಂತಿಯ ಮೇಲೆ ಒಮ್ಮೆ ಬೆರಳೆಳೆದೆ.

"ಇನ್ನೊಮ್ಮೆ ಎಳಿ." ಎಳೆದೆ. ಕಾಕಾ ಬೆರಳು ಮಡಚಿ ಎಣಿಸಿದರು. "ಸಾ, ಪ, ಸಾ, ಮ, ಪ..." ಮೇಲಿನ ಸಾ ಇರಬೇಕಾದ ಜಾಗದಲ್ಲಿ ತಂತಿಯ ಚೂರು ನೇತಾಡುತ್ತಿತ್ತು. ಕಾಕಾ ಕಣ್ಣು ಮುಚ್ಚಿ ಆ ಸಾ ಸ್ವರವನ್ನು ತಾವೇ ಹಚ್ಚಿದರು. ದನಿ ಒಡೆದಿತ್ತು, ಸ್ವರ ಒಡೆದಿರಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸರ್ ನಿಂತಿತು.

"ನಮ್ಮ ತಂಬೂರಿ ಕೊಟ್ಟಬಿಟ್ವಿ. ಈಗ ಮೊಬೈಲಿನ್ಯಾಗ ಬರತೈತಿ, ಒತ್ತಿದ್ರ ಸಾಕು, ಸೇರೇ ಇರತೈತಿ" ಅಂದರು. "ಹಚ್ಚೂ ಸಪ್ಪಳಾನ ಇಲ್ಲದಂಗಾಗಿತ್ತ ಓಣ್ಯಾಗ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಒಂದು ತಂತಿ ಹೋಯಿತಲ್ಲ ಕಾಕಾ, ಇವತ್ತು ಸಂಜೆ ಇಲ್ಲ ಅಂದೆ.

"ತಂಬೂರಿಗೆ ನಾಲ್ಕ ತಂತಿ" ಅಂದರು, ಚಪ್ಪಲಿ ಮೆಟ್ಟುತ್ತ. "ನಿನ್ನ ಕಡೆ ಇನ್ನೂ ಒಂದು ಹೆಚ್ಚ ಐತಿ."