ಆ ಒಂದು ಸೆಕೆಂಡಿಗೆ ಯಾಕೆ ಬೈತೀರಿ?

ನವೆಂಬರ್ ಕೊನೆ ಬಂತೆಂದರೆ ಆ ವಿಡಿಯೊ ಮತ್ತೆ ಹರಿದಾಡಲು ಶುರು. 2013ರ ನವೆಂಬರ್ 30, ಶನಿವಾರ, ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಆಬರ್ನ್-ಅಲಬಾಮ ಪಂದ್ಯ. 28-28 ಸಮಬಲ, ಗಡಿಯಾರದಲ್ಲಿ ಉಳಿದಿದ್ದು ಒಂದೇ ಸೆಕೆಂಡು. ಅಲಬಾಮ ಹೊಡೆದ 57 ಗಜದ ಫೀಲ್ಡ್ ಗೋಲ್ ಕಿಕ್ (ಗೋಲ್ ಕಂಬಗಳ ನಡುವೆ ಹೋದರೆ ಮೂರು ಅಂಕ) ಕಂಬದವರೆಗೆ ಹೋಗದೆ ಇಳಿಯಿತು. ಅಲ್ಲೇ ಕೆಳಗೆ ಕಾದು ನಿಂತಿದ್ದ ಆಬರ್ನಿನ ಕ್ರಿಸ್ ಡೇವಿಸ್ ಚೆಂಡು ಹಿಡಿದವನೇ ಮೈದಾನದ ಆ ತುದಿಯಿಂದ ಈ ತುದಿಗೆ ಓಡಿಬಿಟ್ಟ. ಆಬರ್ನ್ 34, ಅಲಬಾಮ 28. ವಿಡಿಯೊ ಜೊತೆಗೆ ಅದೇ ಹಳೇ ರಾಗ: ಅಲಬಾಮದ ನಿಕ್ ಸೇಬನ್‌ನಂಥ ಕೋಚ್‌ಗೆ ಅಷ್ಟೂ ತಿಳಿಯಲಿಲ್ಲವೇ, ಸುಮ್ಮನೆ ಓವರ್‌ಟೈಮಿಗೆ ಹೋಗಬಾರದಿತ್ತೇ?

ಗೆದ್ದೆತ್ತಿನ ಬಾಲ ಹಿಡಿಯೋದು ಅಂದರೆ ಇದೇ. ಕಿಕ್ ಹೊಡೆಯಲು ಹೋಗಿದ್ದು ತಪ್ಪಲ್ಲ. ಹೊಡೆಯುವಾಗ ಮೈದಾನದಲ್ಲಿ ಯಾರನ್ನು ನಿಲ್ಲಿಸಿದ್ದರು ಅನ್ನೋದು ತಪ್ಪು. ಎರಡೂ ಬೇರೆ ಬೇರೆ ವಿಷಯ.

ಮೊದಲು ನಿಯಮ. ಫೀಲ್ಡ್ ಗೋಲ್ ಕಿಕ್ ಕಂಬದವರೆಗೆ ಹೋಗದೆ ಮೈದಾನದೊಳಗೇ ಬಿದ್ದರೆ ಚೆಂಡು ಸತ್ತಿರುವುದಿಲ್ಲ. ಎದುರಾಳಿ ಅದನ್ನು ಹಿಡಿದು ಓಡಬಹುದು. ರನ್‌ಔಟ್ ಮಾಡಲು ಎಸೆದ ಥ್ರೋ ವಿಕೆಟ್ಟಿಗೂ ತಾಗದೆ, ಹಿಂದೆ ಯಾರೂ ಇಲ್ಲದೆ ಬೌಂಡರಿಗೆ ಹೋದ ಹಾಗೆ ಅಂದುಕೊಳ್ಳಿ. ಇನ್ನು ದೂರದ ಲೆಕ್ಕ: ಚೆಂಡು ಇರುವ ಗೆರೆಗೆ 17 ಅಥವಾ 18 ಗಜ ಸೇರಿಸಬೇಕು. ಹತ್ತು ಗಜ ಗೋಲ್ ಗೆರೆಯಾಚೆಯ ಎಂಡ್ ಝೋನ್, ಏಕೆಂದರೆ ಕಂಬಗಳು ಇರುವುದು ಅದರ ಹಿಂಬದಿಯಲ್ಲಿ. ಉಳಿದ ಏಳೆಂಟು ಗಜ ಚೆಂಡನ್ನು ಹಿಂದಕ್ಕೆ ಕೊಟ್ಟು ನೆಲಕ್ಕೆ ಊರುವ ಜಾಗ. ಹಾಗಾಗಿ ಗೋಲ್ ಗೆರೆಯಿಂದ 38-39 ಗಜದ ಆಸುಪಾಸಿನಲ್ಲಿದ್ದ ಚೆಂಡಿಗೆ 57 ಗಜದ ಕಿಕ್ ಬೇಕಾಯಿತು.

ಅಷ್ಟು ದೂರ ಹೊಡೆಯಬೇಕಾದರೆ ಚೆಂಡು ತಗ್ಗಾಗಿ ಹೊರಡಬೇಕು. ತಗ್ಗಾಗಿ ಹೊರಟರೆ ಎದುರಿಗೆ ನೆಗೆಯುವವರ ಕೈಗೆ ಸಿಗುತ್ತದೆ. ಅದಕ್ಕೇ ಕಿಕ್ ತಂಡದಲ್ಲಿ ಹನ್ನೊಂದರಲ್ಲಿ ಒಂಬತ್ತು ಜನ ಗೋಡೆ ಕಟ್ಟುವವರು: ಸಾಲಿನಲ್ಲಿ ಏಳು ಮಂದಿ, ಎರಡು ಬದಿಗೆ ಒಬ್ಬೊಬ್ಬರು. ಉಳಿದವರು ಚೆಂಡು ಹಿಡಿದು ನೆಲಕ್ಕೆ ಊರುವ ಹೋಲ್ಡರ್ ಮತ್ತು ಕಿಕ್ಕರ್. ಗೋಡೆಯಲ್ಲಿ ಬಹಳಷ್ಟು ಮಂದಿ 130 ಕಿಲೋ ತೂಗುವ ದೈತ್ಯರು. ತಳ್ಳಾಟಕ್ಕೆ ಅವರನ್ನು ಮೀರಿಸಿದವರಿಲ್ಲ. ಬಯಲಿನಲ್ಲಿ ಒಬ್ಬ ಕಾರ್ನರ್‌ಬ್ಯಾಕ್‌ನನ್ನು (ಅಂಚು ಕಾಯುವ ವೇಗದ ರಕ್ಷಣೆಯವನನ್ನು) ಅಟ್ಟಿಸಿಕೊಂಡು ಹೋಗಿ ಹಿಡಿ ಎಂದರೆ ಆಗುತ್ತದೆಯೇ?

ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವ ಪಂಟ್‌ನಲ್ಲಿ ಹೀಗಾಗುವುದಿಲ್ಲ. ಒದ್ದ ಕ್ಷಣದಿಂದಲೇ ವೇಗದ ಹುಡುಗರು ಚೆಂಡಿನ ಹಿಂದೆ ಓಡುತ್ತಾರೆ, ಒಬ್ಬೊಬ್ಬನಿಗೂ ಒಂದೊಂದು ದಾರಿ ಹಂಚಿರುತ್ತದೆ, ಅಂಚಿನಲ್ಲಿರುವವನು ಯಾವ ಕಾರಣಕ್ಕೂ ಒಳಗೆ ಬರಕೂಡದು. ಫೀಲ್ಡ್ ಗೋಲ್ ತಂಡಕ್ಕೆ ಆ ಅಭ್ಯಾಸ ಕಡಿಮೆ. ಅವತ್ತು ಅಲಬಾಮದವರು ನಡುವಿಗೆ ಜಮಾಯಿಸಿದರು, ಎಡಗಡೆಯ ಗೆರೆ ಖಾಲಿ ಬಿತ್ತು. ಡೇವಿಸ್ ಓಡಿದ್ದು ಸುಮಾರು 109 ಗಜ. ಕಾಲೇಜು ದಾಖಲೆಯಲ್ಲಿ ಎಂಡ್ ಝೋನ್ ಒಳಗಿನ ದೂರ ಸೇರುವುದಿಲ್ಲವಾದ್ದರಿಂದ ಬರೆದುಕೊಂಡಿದ್ದು 100.

ನನ್ನ ತಕರಾರು ಇಲ್ಲಿದೆ. ಕಿಕ್‌ಗೆ ಮುಂಚೆ ಆಬರ್ನ್ ಕೋಚ್ ಗಸ್ ಮಾಲ್ಜಾನ್ ಟೈಮ್‌ಔಟ್ ತೆಗೆದುಕೊಂಡರು. ಕಿಕ್ಕರ್‌ನ ತಲೆ ಕೆಡಿಸಲು ಎಲ್ಲರೂ ಮಾಡುವ ಉಪಾಯ ಅದು, ಅದರಿಂದ ದೊಡ್ಡ ಲಾಭವೇನಿಲ್ಲ. ಆದರೆ ಆ ಬಿಡುವಿನಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು: ಕಂಬದ ಕೆಳಗೆ ನಿಲ್ಲಬೇಕಿದ್ದ ಸೇಫ್ಟಿಯನ್ನು (ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಣೆಯವನನ್ನು) ತೆಗೆದು, ಪಂಟ್ ಹಿಡಿದು ಓಡುವುದರಲ್ಲಿ ಪಳಗಿದ್ದ ಡೇವಿಸ್‌ನನ್ನು ಅಲ್ಲಿ ನಿಲ್ಲಿಸಿದರು. ಅಲಬಾಮಕ್ಕೂ ಅಷ್ಟೇ ಬಿಡುವಿತ್ತು. ಅಷ್ಟು ಹಿಂದೆ ಒಬ್ಬ ನಿಂತಿದ್ದು ಕಣ್ಣಿಗೆ ಕಾಣುತ್ತಿತ್ತು. ಗೋಡೆಯ ಎರಡು ತುದಿಗಳಲ್ಲಾದರೂ ದೈತ್ಯರನ್ನು ತೆಗೆದು ಅವರಿಗಿಂತ ಚುರುಕಾದ ಇಬ್ಬರು ಲೈನ್‌ಬ್ಯಾಕರ್‌ಗಳನ್ನು ಹಾಕಿ, ‘ಒದ್ದ ಕೂಡಲೇ ಅಂಚಿಗೆ ಓಡು’ ಎಂದಿದ್ದರೆ ಸಾಕಿತ್ತು.

ಯಾಕೆ ಹಾಕಲಿಲ್ಲ? ಸ್ವಲ್ಪ ಮುಂಚೆಯೇ, ಆಟ ಮುಗಿಯಲು ಎರಡೂವರೆ ನಿಮಿಷ ಇದ್ದಾಗ, ಅಲಬಾಮದ 44 ಗಜದ ಕಿಕ್ ಒಂದನ್ನು ಆಬರ್ನ್ ತಡೆದು ಬೀಳಿಸಿತ್ತು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಗೋಡೆ ತೆಳುವಾಗುವುದು ಬೇಡ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಅರ್ಥವಾಗುವಂಥ ತಪ್ಪು, ಆದರೂ ತಪ್ಪೇ.

ಹಾಗಾದರೆ ಕಿಕ್ ಬದಲು ಏನು ಮಾಡಬಹುದಿತ್ತು? ಎಂಡ್ ಝೋನ್‌ಗೆ ಒಂದು ಉದ್ದ ಪಾಸ್ ಎಸೆದು ದೇವರ ಮೇಲೆ ಭಾರ ಹಾಕಬಹುದಿತ್ತು. ಅದು ಎದುರಾಳಿ ಕೈಗೆ ಸಿಕ್ಕರೂ ಸುತ್ತ ನಿಮ್ಮದೇ ವೇಗದ ರಿಸೀವರ್‌ಗಳು (ಪಾಸ್ ಹಿಡಿಯುವವರು) ಇರುತ್ತಾರೆ, ಇಷ್ಟು ದೂರ ಓಡಲು ಬಿಡುವುದಿಲ್ಲ. ಮಂಡಿಯೂರಿ ಆ ಆಟವನ್ನು ಮುಗಿಸಿ ಓವರ್‌ಟೈಮಿಗೂ ಹೋಗಬಹುದಿತ್ತು. ಆದರೆ ಆ ಕಿಕ್ ಹೊಡೆದ, ದೂರಕ್ಕೆ ಒದೆಯಬಲ್ಲ ಆಡಂ ಗ್ರಿಫಿತ್ ಇದ್ದಾಗ, ಗೆಲ್ಲಲು ಸಿಕ್ಕ ಉಚಿತ ಅವಕಾಶವನ್ನು ಬಿಟ್ಟುಕೊಡಬೇಕಿತ್ತು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ನಿಜ ಹೇಳಬೇಕೆಂದರೆ ಪಂದ್ಯ ಕೈಬಿಟ್ಟಿದ್ದು ಅದಕ್ಕೂ ಮೊದಲು, ನಾಲ್ಕನೇ ಕ್ವಾರ್ಟರ್‌ನಲ್ಲಿ. ಅಲಬಾಮದ ಎ.ಜೆ. ಮೆಕ್ಯಾರನ್ ತನ್ನದೇ 1ನೇ ಗಜದಿಂದ ಎಸೆದ ಪಾಸ್‌ ಹಿಡಿದು ಅಮಾರಿ ಕೂಪರ್ 99 ಗಜದ ಟಚ್‌ಡೌನ್ ಮಾಡಿ (ಚೆಂಡನ್ನು ಎಂಡ್ ಝೋನ್‌ಗೆ ಒಯ್ದು) 28-21 ಆದಾಗ ಎಲ್ಲ ಮುಗಿಯಿತು ಅನ್ನಿಸಿತ್ತು. ಮುಂದೆ ಅಲಬಾಮ ಆಬರ್ನಿನ 13ನೇ ಗಜದವರೆಗೆ ಬಂತು. ನಾಲ್ಕನೇ ಡೌನ್, ಅಂದರೆ ಕೊನೆಯ ಪ್ರಯತ್ನ, ಬೇಕಾಗಿದ್ದು ಒಂದು ಗಜ. ಸುಮಾರು 30 ಗಜದ ಕಿಕ್ ಹೊಡೆದಿದ್ದರೆ ಹತ್ತು ಅಂಕಗಳ ಅಂತರ, ಅಂದರೆ ಆಬರ್ನ್ ಎರಡು ಸಲ ಅಂಕ ಗಳಿಸಬೇಕು. ಸೇಬನ್ ಕಿಕ್ ಬೇಡವೆಂದರು. ಟಿ.ಜೆ. ಯೆಲ್ಡನ್ ಚೆಂಡು ಹಿಡಿದು ನುಗ್ಗಿದ, ಆಬರ್ನಿನ ಸಾಲು ಜಗ್ಗಲಿಲ್ಲ.

ಒಂದು ಗಜಕ್ಕೆ ನುಗ್ಗುವುದನ್ನು ನಾನು ವಿರೋಧಿಸುವವನಲ್ಲ. ಆದರೆ ಇಲ್ಲಿ ಆ ನಿರ್ಧಾರ ಧೈರ್ಯದಿಂದ ಬಂದದ್ದಲ್ಲ, ಅಪನಂಬಿಕೆಯಿಂದ ಬಂದದ್ದು. ತಂಡದ ಇನ್ನೊಬ್ಬ ಕಿಕ್ಕರ್ ಕೇಡ್ ಫಾಸ್ಟರ್ ಅಷ್ಟರಲ್ಲಿ ಎರಡು ಕಿಕ್ ತಪ್ಪಿದ್ದ. ಅದರಲ್ಲೊಂದನ್ನು ಮೊದಲು ಸರಿಯಾಗಿಯೇ ಹೊಡೆದಿದ್ದ. ತಂಡದವರು ಮುಂಚೆಯೇ ಅಲುಗಾಡಿದರೆಂದು ಐದು ಗಜ ದಂಡ ಬಿತ್ತು, ಮತ್ತೆ 33 ಗಜದಿಂದ ಹೊಡೆಯಬೇಕಾಗಿ ಬಂದಾಗ ತಪ್ಪಿತು. ಮೂರನೆಯದು ಆಮೇಲೆ ತಡೆಗೆ ಸಿಕ್ಕ ಆ 44 ಗಜದ್ದು. ಪಂದ್ಯ ಮುಗಿದ ಮೇಲೆ ಅಭಿಮಾನಿಗಳೆಂಬುವರು ಆ ಹುಡುಗನಿಗೆ ಕೊಲೆ ಬೆದರಿಕೆ ಹಾಕಿದರು. ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಮಾಧಾನದ ಪತ್ರ ಬರೆಯುವಷ್ಟು ಅದು ಕೆಟ್ಟಿತ್ತು. ಆಗ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಒಂದು ಡಾಲರ್ ಗಳಿಸಲೂ ಬಿಡುತ್ತಿರಲಿಲ್ಲ, ಆ ದಾರಿ ತೆರೆದದ್ದು 2021ರಲ್ಲಿ. ವಿದ್ಯಾರ್ಥಿವೇತನದ ಮೇಲೆ ಆಡುವ ಹುಡುಗನ ಮೇಲೆ ಇಷ್ಟು ವಿಷ ಕಾರುವವರನ್ನು ಅಭಿಮಾನಿ ಎನ್ನಲು ನನಗೆ ಮನಸ್ಸಿಲ್ಲ.

ಆಬರ್ನ್ ಸಮ ಮಾಡಿಕೊಂಡ ಆಟ ಮಾತ್ರ ಎಷ್ಟು ಸಲ ನೋಡಿದರೂ ಸಾಲದು. ಕಿಕ್ ತಡೆದ ಮೇಲೆ ಚೆಂಡು ಅವರ 35ರಲ್ಲಿ, ಹೋಗಬೇಕಾದ ದೂರ 65 ಗಜ. ಉಳಿದವರಾದರೆ ಪಾಸ್ ಮೇಲೆ ಪಾಸ್ ಎಸೆಯುತ್ತಿದ್ದರು. ಇವರು ಓಡಿದರು, ಚೆಂಡು ಬಹುತೇಕ ಟ್ರೇ ಮೇಸನ್ ಕೈಗೇ. ನಾಲ್ಕು ಗಜ, ಆರು ಗಜ, ಎತ್ತಿನಗಾಡಿ ಹೋದ ಹಾಗೆ. 39 ಗಜ ಉಳಿದಾಗ ಕ್ವಾರ್ಟರ್‌ಬ್ಯಾಕ್ ನಿಕ್ ಮಾರ್ಷಲ್ ಮತ್ತೆ ಅದೇ ಓಟದ ವೇಷ ಹಾಕಿದ: ಚೆಂಡನ್ನು ಮೇಸನ್ ಹೊಟ್ಟೆಗೆ ಒತ್ತಿದಂತೆ ಮಾಡಿ, ಹಿಂದಕ್ಕೆಳೆದುಕೊಂಡು ಎಡಕ್ಕೆ ಸರಿದ. ಆ ಬದಿಯ ಅಲಬಾಮ ಕಾರ್ನರ್‌ಬ್ಯಾಕ್, ಇವನು ಓಡುತ್ತಾನೆಂದು ನಂಬಿ ಮುಂದೆ ಬಂದ. ಅವನು ಬಿಟ್ಟು ಬಂದ ರಿಸೀವರ್ ಸ್ಯಾಮಿ ಕೋಟ್ಸ್ ಒಂಟಿಯಾದ. ಮಾರ್ಷಲ್ ಆಟ ಶುರುವಾದ ಗೆರೆ ದಾಟುವ ಮುಂಚೆ ಎಸೆದ, ಟಚ್‌ಡೌನ್. ಉಳಿದಿದ್ದು 32 ಸೆಕೆಂಡು.

ಈ ತಂತ್ರ ಕಾಲೇಜಿನಲ್ಲೇ ಹೆಚ್ಚು ಕೆಲಸ ಮಾಡಲು ಕಾರಣವಿದೆ. ಪಾಸ್ ಹಾರುವ ಮುನ್ನ ಸಾಲಿನ ದೈತ್ಯರು ಮೂರು ಗಜ ಮುಂದೆ ಹೋಗಬಹುದು, ವೃತ್ತಿಪರ ಲೀಗಿನಲ್ಲಿ ಒಂದೇ ಗಜ. ಆ ದೈತ್ಯರು ಮುಂದೆ ನುಗ್ಗುವುದನ್ನು ಕಂಡ ರಕ್ಷಣೆಯವನಿಗೆ ಇದು ಓಟವೇ ಅನ್ನಿಸುತ್ತದೆ. ಕಾರ್ನರ್‌ಬ್ಯಾಕ್‌ನನ್ನು ಬೈದು ಪ್ರಯೋಜನವಿಲ್ಲ, ಅವನ ಕಣ್ಣಿಗೆ ಬಿದ್ದ ಸುಳಿವೆಲ್ಲ ಸುಳ್ಳಾಗಿತ್ತು.

ಆ ಒಂದು ಸೆಕೆಂಡು ಬಂದದ್ದಾದರೂ ಎಲ್ಲಿಂದ? ಯೆಲ್ಡನ್ 24 ಗಜ ಓಡಿ ಗೆರೆ ಹೊರಗೆ ಕಾಲಿಟ್ಟಾಗ ಗಡಿಯಾರ ಸೊನ್ನೆ ತೋರಿಸುತ್ತಿತ್ತು. ಜಗಳ ಆಡಿ, ಮರುಪರಿಶೀಲನೆ ಮಾಡಿಸಿ, ಒಂದು ಸೆಕೆಂಡನ್ನು ವಾಪಸ್ ಹಾಕಿಸಿಕೊಂಡದ್ದು ಸ್ವತಃ ಸೇಬನ್!

ಅದೇ ದಿನ ಇನ್ನೂ ಮುಂಚೆ, ಆನ್ ಆರ್ಬರ್‌ನಲ್ಲಿ, ಇದರ ತದ್ವಿರುದ್ಧ ಕಥೆ. ಅಜೇಯ ಓಹಾಯೋ ಸ್ಟೇಟ್ ವಿರುದ್ಧ ಮಿಶಿಗನ್. ಇಲ್ಲೂ ವಿಚಿತ್ರವಾಗಿ 32 ಸೆಕೆಂಡು ಉಳಿದಾಗಲೇ ಡೆವಿನ್ ಗಾರ್ಡ್ನರ್ ಪಾಸ್‌ಗೆ ಡೆವಿನ್ ಫಂಚೆಸ್ ಟಚ್‌ಡೌನ್, 42-41. ಟಚ್‌ಡೌನ್ ನಂತರ ಸಿಗುವ ಒಂದು ಅಂಕದ ಕಿಕ್ ಹೊಡೆದರೆ ಓವರ್‌ಟೈಮ್. ಮಿಶಿಗನ್ ಕೋಚ್ ಬ್ರೇಡಿ ಹೋಕ್ ಕಿಕ್ ಬದಲು, ಚೆಂಡನ್ನು ಮತ್ತೆ ಎಂಡ್ ಝೋನ್‌ಗೆ ಒಯ್ದರೆ ಸಿಗುವ ಎರಡು ಅಂಕಕ್ಕೆ ಹೋದರು. ಪಾಸನ್ನು ಟೈವಿಸ್ ಪವೆಲ್ ನಡುವೆ ನುಗ್ಗಿ ಕಿತ್ತುಕೊಂಡ, ಮಿಶಿಗನ್ ಸೋತಿತು.

ಹೋಕ್ ಮಾಡಿದ್ದು ನೂರಕ್ಕೆ ನೂರು ಸರಿ. ಕಾಲೇಜು ಓವರ್‌ಟೈಮಿನಲ್ಲಿ ಎರಡೂ ತಂಡಗಳಿಗೆ ಚೆಂಡು ಸಿಗುವುದು ಎದುರಾಳಿಯ 25ನೇ ಗಜದಲ್ಲಿ. ಅವತ್ತು ಓಹಾಯೋದ ಕಾರ್ಲೋಸ್ ಹೈಡ್ ಒಬ್ಬನೇ 226 ಗಜ ಓಡಿದ್ದ, ಮಿಶಿಗನ್‌ಗೆ ಅವನನ್ನು ತಡೆಯಲು ಆಗಿರಲಿಲ್ಲ. ಅಂಥವನಿಗೆ 25 ಗಜ ಎಂದರೆ ಮನೆಯಂಗಳ. ಮೂರನೇ ಗಜದಿಂದ ಒಂದೇ ಪ್ರಯತ್ನ ಅರ್ಧಕ್ಕರ್ಧಕ್ಕಿಂತ ಸ್ವಲ್ಪ ಕಡಿಮೆ ಸಾಧ್ಯತೆಯ ಜೂಜು, ನಿಜ. ಆದರೆ ದುರ್ಬಲ ತಂಡ ಆಟವನ್ನು ಎಳೆದಷ್ಟೂ ಸೋಲು ಹತ್ತಿರವಾಗುತ್ತದೆ. ನನ್ನ ಆಕ್ಷೇಪ ಆರಿಸಿಕೊಂಡ ಆಟದ ಮೇಲೆ. ಅಲ್ಲಿ ಇರುವ ಆಳ ಒಟ್ಟು 13 ಗಜ, ಅಗಲ ಮಾತ್ರ 53 ಗಜ. ಅಗಲವನ್ನು ಬಳಸುವ ಬದಲು ರಿಸೀವರ್‌ಗಳನ್ನು ಒಂದೇ ಕಡೆ ಗುಂಪು ಮಾಡಿ ಒಳಕ್ಕೆ ಎಸೆದರೆ ರಕ್ಷಣೆಯವರಿಗೂ ಒಂದೇ ಕಡೆ ನೋಡಿದರೆ ಸಾಕು. ಗಾರ್ಡ್ನರ್‌ನನ್ನು ಓಡಿಸಬಹುದಿತ್ತಲ್ಲ ಎಂದರೆ, ಆ ಪಂದ್ಯದಲ್ಲೇ ಅವನ ಪಾದ ಮುರಿದಿತ್ತೆಂದು ಆಮೇಲೆ ತಿಳಿಯಿತು. ಮುರಿದ ಪಾದದಲ್ಲಿ 451 ಗಜ ಪಾಸ್ ಎಸೆದವನಿಗೆ ಇನ್ನೇನು ಕೇಳುತ್ತೀರಿ.

ಆ ವಾರಾಂತ್ಯದ ಉಳಿದ ಪಂದ್ಯಗಳೂ ಕಡಿಮೆಯಲ್ಲ. ಜಾರ್ಜಿಯಾ 0-20 ಹಿಂದಿದ್ದು ಜಾರ್ಜಿಯಾ ಟೆಕ್ ಮೇಲೆ ಎರಡು ಓವರ್‌ಟೈಮಿನಲ್ಲಿ 41-34 ಗೆದ್ದಿತು. ಬ್ಯಾಸ್ಕೆಟ್‌ಬಾಲ್‌ಗೆ ಹೆಸರಾದ ಡ್ಯೂಕ್, ನಾರ್ತ್ ಕ್ಯಾರೊಲೈನಾವನ್ನು 27-25ರಿಂದ ಸೋಲಿಸಿ ತನ್ನ ಇತಿಹಾಸದಲ್ಲೇ ಮೊದಲ ಸಲ ಹತ್ತು ಗೆಲುವು ಕಂಡಿತು. ಫ್ಲೋರಿಡಾ ಸ್ಟೇಟ್ 37-7. ಅದರ ಬಗ್ಗೆ ಹೇಳಲು ಏನೂ ಇಲ್ಲ, ಬಡಿದು ಹಾಕಿದರು ಅಷ್ಟೇ.

ಇನ್ನೊಂದು ಮಾತು, ಜಗಳಕ್ಕೆ ಬರುವವರು ಬರಲಿ. ಆಗ ಚಾಂಪಿಯನ್‌ಶಿಪ್‌ಗೆ ಹೋಗುತ್ತಿದ್ದದ್ದು ಎರಡೇ ತಂಡ. ನಂಬರ್ 1 ಆಗಿದ್ದ ಅಲಬಾಮ ಆ ಒಂದು ಸೋಲಿಗೆ ಹೊರಬಿತ್ತು. ಹಿಂದಿನ ವರ್ಷ 3-9 ಆಗಿ ನೆಲಕಚ್ಚಿದ್ದ ಆಬರ್ನ್ ಫೈನಲ್ ತಲುಪಿ, ಫ್ಲೋರಿಡಾ ಸ್ಟೇಟ್‌ಗೆ 34-31ರಿಂದ, ಅದೂ ಕೊನೆಯ 13 ಸೆಕೆಂಡು ಇದ್ದಾಗ ಬಿಟ್ಟ ಟಚ್‌ಡೌನ್‌ನಿಂದ ಸೋತಿತು. ಮರುವರ್ಷ ನಾಲ್ಕು ತಂಡ, 2024ರಿಂದ ಹನ್ನೆರಡು. ಹನ್ನೆರಡರ ಕಾಲದಲ್ಲಿ ಅಲಬಾಮ ಆ ಸೋಲಿನ ನಂತರವೂ ಆರಾಮವಾಗಿ ಒಳಗಿರುತ್ತಿತ್ತು. ಡೇವಿಸ್‌ನ ಓಟ ಬರೀ ಶ್ರೇಯಾಂಕದ ಲೆಕ್ಕವಾಗುತ್ತಿತ್ತು. ಹೆಚ್ಚು ತಂಡಗಳಿಗೆ ಅವಕಾಶ ಸಿಕ್ಕಿದ್ದು ನ್ಯಾಯವೇ, ಆದರೆ ನವೆಂಬರ್ ಕೊನೆಯ ಶನಿವಾರದ ಎದೆಬಡಿತ ಆ ನ್ಯಾಯಕ್ಕೆ ಕೊಟ್ಟ ಬೆಲೆ. ನನಗೆ ಆ ವ್ಯಾಪಾರ ಇಷ್ಟವಾಗಿಲ್ಲ.

ಈ ಸಲ ವಿಡಿಯೊ ಎದುರಿಗೆ ಬಂದಾಗ ಡೇವಿಸ್‌ನನ್ನು ನೋಡಬೇಡಿ, ಅವನನ್ನು ನೂರು ಸಲ ನೋಡಿದ್ದೀರಿ. ಬಿಳಿ ಅಂಗಿಯ ಅಲಬಾಮ ಗೋಡೆಯ ಎಡ-ಬಲ ತುದಿಗಳನ್ನು ನೋಡಿ. ಚೆಂಡು ಗಾಳಿಯಲ್ಲಿದ್ದಾಗ ಅವರಲ್ಲಿ ಎಷ್ಟು ಜನ ಅದು ಕಂಬದೊಳಗೆ ಹೋಯಿತಾ ಎಂದು ನೋಡುತ್ತಾ ನಿಂತಿದ್ದಾರೆ, ಎಷ್ಟು ಜನ ಓಡಲು ಶುರು ಮಾಡಿದ್ದಾರೆ, ಎಣಿಸಿ.