ಮೂಕಿಯ ಭಾರ ತೂಗದೆ ಟ್ರೇಲರ್ ಎಳೆಯಬೇಡಿ

ಅಮೆರಿಕದಲ್ಲಿ ಪಿಕಪ್ ಟ್ರಕ್ ಕೊಳ್ಳಲು ಹೋದ ನಮ್ಮವರು ಮೊದಲು ಕೇಳುವುದು 'ಇದು ಎಷ್ಟು ಎಳೆಯುತ್ತೆ?' ಎಂದು. ಮಾರುವವರು 9,000 ಪೌಂಡೋ 11,000 ಪೌಂಡೋ ಎಂದು ಒಂದು ಅಂಕಿ ಹೇಳುತ್ತಾರೆ. ಅಂಕಿ ಸುಳ್ಳಿರಲಿಕ್ಕಿಲ್ಲ, ಆದರೆ ಅದನ್ನು ಹೇಗೆ ತೆಗೆದರು ಎಂದು ತಿಳಿದಿರಬೇಕು. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ಮಾಡಿದ ಜೆ2807 ಎಂಬ ಮಾನದಂಡದಲ್ಲಿ ಟ್ರಕ್ಕಿನೊಳಗೆ ತಲಾ 150 ಪೌಂಡಿನ ಇಬ್ಬರು ಕೂತಿದ್ದಾರೆ ಎಂದಿಟ್ಟುಕೊಳ್ಳುತ್ತಾರೆ. ಹಿಂದಿನ ಸೀಟಿನ ಮಕ್ಕಳು, ಬೆಡ್‌ನಲ್ಲಿ (ಟ್ರಕ್ಕಿನ ಹಿಂದಿನ ತೆರೆದ ತೊಟ್ಟಿಯಲ್ಲಿ) ಇಟ್ಟ ಜನರೇಟರ್, ನೀರಿನ ಕ್ಯಾನು, ಮೇಲೆ ಹಾಕಿಸಿದ ಕವರ್ ಯಾವುದೂ ಆ ಲೆಕ್ಕದಲ್ಲಿ ಬರುವುದಿಲ್ಲ.

ನಿಮ್ಮ ಟ್ರಕ್ಕಿನ ನಿಜವಾದ ಅಂಕಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಬಿಳಿ-ಹಳದಿ ಚೀಟಿಯಲ್ಲಿದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತಾರೆ. ಅದು 1,500 ಎಂದಿದೆ ಎನ್ನಿ. ನಾಲ್ಕು ಜನ ಕೂತರೆ ಸುಮಾರು 650. ಬೆಡ್‌ನ ಸಾಮಾನು 200. ಟ್ರೇಲರ್ ಸಿಕ್ಕಿಸುವ ಹಿಚ್‌ನ ಕಬ್ಬಿಣ 80. ಉಳಿದದ್ದು 570. ಟ್ರೇಲರ್‌ನ ಮೂತಿ ಟ್ರಕ್ಕಿನ ಬೆನ್ನ ಮೇಲೆ ಹೇರುವ ಭಾರ ಈ 570ರಲ್ಲೇ ಮುಗಿಯಬೇಕು. ಆ ಭಾರ ಟ್ರೇಲರ್ ತೂಕದ ಶೇ 12 ಎಂದು ಹಿಡಿದರೆ ನೀವು ಎಳೆಯಬಹುದಾದದ್ದು 4,750 ಪೌಂಡ್. 9,000 ಎಲ್ಲಿ, 4,750 ಎಲ್ಲಿ! ಇಂಜಿನ್ನಿಗೆ ದಣಿವಾಗುವ ಎಷ್ಟೋ ಮೊದಲೇ ಹಿಂದಿನ ಆಕ್ಸಲ್ಲು, ಸ್ಪ್ರಿಂಗು, ಟೈರುಗಳ ಮಿತಿ ಮುಗಿದಿರುತ್ತದೆ.

ಈ ಮೂತಿಯ ಭಾರಕ್ಕೆ ಇಲ್ಲಿ ಟಂಗ್ ವೇಟ್ ಎನ್ನುತ್ತಾರೆ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂದಕ್ಕಾದರೆ ಮೂಕಿ, ಅಂದರೆ ಗಾಡಿಯಿಂದ ನೊಗಕ್ಕೆ ಚಾಚಿದ ಮರ, ಮೇಲೇಳುತ್ತದೆ, ಎತ್ತಿನ ಕುತ್ತಿಗೆಗೆ ಕಣ್ಣಿ ಬಿಗಿಯುತ್ತದೆ. ಮುಂದಕ್ಕಾದರೆ ನೊಗ ಹೆಗಲ ಮೇಲೆ ಕೂತು ಎತ್ತು ನಡೆಯಲಾರದು. ಅದಕ್ಕೇ ಗಾಡಿ ತುಂಬುವವರು ಕೊನೆಗೊಮ್ಮೆ ಮೂಕಿ ಎತ್ತಿ ನೋಡಿ, ಎರಡು ಮೂಟೆ ಹಿಂದೆ ಮುಂದೆ ಸರಿಸುತ್ತಿದ್ದರು. ಟ್ರೇಲರ್‌ಗೂ ಅದೇ ಲೆಕ್ಕ. ವ್ಯತ್ಯಾಸ ವೇಗದ್ದು. ಗಂಟೆಗೆ 60 ಮೈಲಿಯಲ್ಲಿ ಮೂತಿ ಹಗುರವಾದ ಟ್ರೇಲರ್ ಬಾಲ ಬೀಸತೊಡಗಿದರೆ ಪ್ರತಿ ಬೀಸಿಗೂ ಅಗಲ ಹೆಚ್ಚುತ್ತಾ ಹೋಗಿ, ಟ್ರಕ್ಕನ್ನೇ ಅಡ್ಡ ತಿರುಗಿಸಿಬಿಡುತ್ತದೆ. ಮೂತಿಯ ಭಾರ ಅತಿಯಾದರೆ ಟ್ರಕ್ಕಿನ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲಿದ ಹಾಗಾಗುತ್ತದೆ, ಮುಂದಿನ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಅಮೆರಿಕದಲ್ಲಿ ಸಾಮಾನ್ಯ ಟ್ರೇಲರ್‌ಗೆ ಮೂತಿಯ ಭಾರ ಒಟ್ಟು ತೂಕದ ಶೇ 10ರಿಂದ 15 ಇರಬೇಕು ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆಯುವವರಿಗೆ ಹೇಳುವುದು ಶೇ 5ರಿಂದ 7. ಅಲ್ಲಿನ ಪುಸ್ತಕ ನೋಡಿ ಇಲ್ಲಿ ಟ್ರೇಲರ್ ತುಂಬುವುದು ಅಪಾಯ. ಯುರೋಪಿನ ಲೆಕ್ಕದ ಹಿಂದೆ ಬೇರೆ ಕಾರಣಗಳಿವೆ. ಎಳೆಯುವ ಕಾರುಗಳು ಚಿಕ್ಕವು, ಅವುಗಳ ಕೊಕ್ಕೆ ತಾಳುವುದು ಬಹುತೇಕ 75ರಿಂದ 100 ಕಿಲೋ ಮಾತ್ರ. ಹಾಗಾಗಿ ಟ್ರೇಲರ್‌ನ ಆಕ್ಸಲ್ಲನ್ನು ನಡುವಿಗೆ ಹತ್ತಿರ ಕೂರಿಸುತ್ತಾರೆ, ಭಾರದ ಸಾಮಾನನ್ನು ಆಕ್ಸಲ್ ಮೇಲೆಯೇ ಇಡಿಸುತ್ತಾರೆ, ವೇಗಕ್ಕೂ ಕಡಿವಾಣ ಹಾಕುತ್ತಾರೆ. ಜರ್ಮನಿಯಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಗಂಟೆಗೆ 80 ಕಿ.ಮೀ.; ಪ್ರತ್ಯೇಕ ಅನುಮತಿ ಪಡೆದರೆ ಹೆದ್ದಾರಿಯಲ್ಲಿ 100. ವೇಗದ ವಿಷಯದಲ್ಲಿ ಸರಿಯಾದ ದಾರಿ ಅವರದ್ದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಟೆಕ್ಸಾಸಿನ ಹೆದ್ದಾರಿಯಲ್ಲಿ ಗಂಟೆಗೆ 75 ಮೈಲಿಯಲ್ಲಿ ಕ್ಯಾಂಪರ್ ಎಳೆಯುವವರು ತಮ್ಮ ಟೈರಿನ ಮೇಲೆ ಏನು ಬರೆದಿದೆ ಎಂದು ಒಮ್ಮೆ ಬಗ್ಗಿ ನೋಡಬೇಕು. ಎಸ್‌ಟಿ ಎಂದು ಶುರುವಾಗುವ ಟ್ರೇಲರ್ ಟೈರುಗಳಲ್ಲಿ, ಬೇರೆ ವೇಗದ ಗುರುತು ಇಲ್ಲದಿದ್ದರೆ, 65 ಮೈಲಿಯೇ ಮಿತಿ ಎಂದು ತಿಳಿಯಬೇಕು.

ಮೂತಿಯ ಭಾರ ಅಳೆಯಲು ಅಮೆರಿಕದಲ್ಲಿರುವಷ್ಟು ಅನುಕೂಲ ಬೇರೆಡೆ ಕಡಿಮೆ. ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ಗಾಡಿ ತೂಗುವ ಕಟ್ಟೆ ಇರುತ್ತದೆ. ನಮ್ಮ ಕಡೆಯ ವೇ ಬ್ರಿಡ್ಜ್‌ ಬಹುಪಾಲು ಇಡೀ ಗಾಡಿಯನ್ನು ಒಂದೇ ತಟ್ಟೆಯಲ್ಲಿ ತೂಗಿ ಒಂದೇ ಅಂಕಿ ಕೊಡುತ್ತದೆ. ಇಲ್ಲಿ ತಟ್ಟೆ ಬೇರೆ ಬೇರೆ ಇರುವುದರಿಂದ ಆಕ್ಸಲ್‌ವಾರು ತೂಕ ಸಿಗುತ್ತದೆ. ಮುಂದಿನ ಚಕ್ರ ಮೊದಲ ತಟ್ಟೆ, ಹಿಂದಿನ ಚಕ್ರ ಎರಡನೆಯದು, ಟ್ರೇಲರ್ ಚಕ್ರ ಮೂರನೆಯದು. ಒಮ್ಮೆ ಟ್ರೇಲರ್ ಕಟ್ಟಿಕೊಂಡು, ಇನ್ನೊಮ್ಮೆ ಅದನ್ನು ಬದಿಗೆ ಬಿಚ್ಚಿಟ್ಟು ತೂಗಿಸಿ. ಎರಡು ಸಲವೂ ಜನ, ಸಾಮಾನು, ಇಂಧನ ಅಷ್ಟೇ ಇರಲಿ.

ಲೆಕ್ಕ ಹೀಗೆ. ಬರೀ ಟ್ರಕ್ಕಿಗೆ ಮುಂದೆ 3,300, ಹಿಂದೆ 2,700, ಒಟ್ಟು 6,000 ಬಂತೆನ್ನಿ. ಕಟ್ಟಿದ ಮೇಲೆ ಮುಂದೆ 3,120, ಹಿಂದೆ 3,500, ಟ್ರೇಲರ್ ಚಕ್ರದಲ್ಲಿ 5,300. ಟ್ರಕ್ಕಿನ ಎರಡು ಆಕ್ಸಲ್ ಸೇರಿ 6,620. ಅದರಲ್ಲಿ 6,000 ಕಳೆದರೆ ಮೂತಿಯ ಭಾರ 620. ಟ್ರೇಲರ್‌ನ ಪೂರ್ತಿ ತೂಕ 5,300ಕ್ಕೆ 620 ಕೂಡಿಸಿ 5,920. ಶೇಕಡಾವಾರು ಹತ್ತೂವರೆಯ ಹತ್ತಿರ. ಪಾಸು, ಆದರೆ ಅಂಚಿನಲ್ಲಿ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಮೂತಿ ಇಟ್ಟದ್ದು 620 ಆದರೂ ಹಿಂದಿನ ಆಕ್ಸಲ್ಲಿಗೆ ಏರಿದ್ದು 800. ಹಿಚ್ ಆಕ್ಸಲ್ಲಿನಿಂದ ಹಿಂದಕ್ಕೆ ಚಾಚಿರುವುದರಿಂದ ಸನ್ನೆಗೋಲಿನ ಹಾಗೆ ಮುಂದಿನಿಂದ 180 ಪೌಂಡ್ ಕಿತ್ತು ಹಿಂದಕ್ಕೆ ಹಾಕಿದೆ. ಈ 3,500 ನಿಮ್ಮ ಹಿಂದಿನ ಆಕ್ಸಲ್ಲಿನ ಮಿತಿಯೊಳಗಿದೆಯೇ ಎಂದು ಬಾಗಿಲ ಕಂಬದ ಇನ್ನೊಂದು ಚೀಟಿಯಲ್ಲಿ ನೋಡಿ. ಮುಂದಿನ ಆಕ್ಸಲ್ ಕಳಕೊಂಡ ಭಾರವನ್ನು ಮರಳಿ ತರಲು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಇದೆ. ಎಷ್ಟು ಮರಳಿ ತರಬೇಕು ಎಂಬುದು ಟ್ರಕ್ಕಿನ ಕೈಪಿಡಿಯಲ್ಲಿರುತ್ತದೆ. ಆದರೆ ಚೀಟಿಯ ಮಿತಿ ಅದರಿಂದ ಏರುವುದಿಲ್ಲ.

ಕಟ್ಟುವಾಗ ಆಗುವ ತಪ್ಪುಗಳಲ್ಲಿ ಕೆಟ್ಟದ್ದು ಬಾಲ್‌ನದ್ದು, ಅಂದರೆ ಟ್ರೇಲರ್ ಮೂತಿಯ ಕಪ್ಲರ್ ಕಚ್ಚಿಕೊಳ್ಳುವ ಟ್ರಕ್ಕಿನ ಕಬ್ಬಿಣದ ಗುಂಡಿನದ್ದು. ಹಿಚ್ ಬಾಲ್ ಸಾಮಾನ್ಯವಾಗಿ ಒಂದೂ ಮುಕ್ಕಾಲಿನ ಮೇಲೆ ಒಂದು ನೂಲು (1 7/8), ಎರಡು, ಎರಡೂಕಾಲಿನ ಮೇಲೆ ಅರೆ ನೂಲು (2 5/16), ಹೀಗೆ ಇಂಚಿನಲ್ಲಿ ಮೂರು ಅಳತೆಗಳಲ್ಲಿ ಬರುತ್ತದೆ. ದೊಡ್ಡ ಕಪ್ಲರ್‌ಗೆ ಎರಡಿಂಚಿನ ಬಾಲ್ ಕೊಟ್ಟರೆ ಲಾಕ್ ಬಿದ್ದಂತೆಯೇ ಕಾಣುತ್ತದೆ, ಮೊದಲ ಗುಂಡಿಯಲ್ಲಿ ಹಾರಿ ಕಳಚುತ್ತದೆ. ಅಳತೆ ಬಾಲ್‌ನ ನೆತ್ತಿಯ ಮೇಲೆ ಅಚ್ಚೊತ್ತಿರುತ್ತದೆ, ಓದಿ ನೋಡಿ. ಲಾಕ್ ಹಾಕಿ ಪಿನ್ ತೂರಿಸಿದ ಮೇಲೆ ಟ್ರೇಲರ್‌ನ ಮುಂಜಾಕನ್ನು ಮತ್ತೆ ತಿರುಗಿಸಿ ಮೂತಿಯನ್ನು ಮೇಲೆತ್ತಿ. ಟ್ರಕ್ಕಿನ ಹಿಂಭಾಗ ಜೊತೆಗೇ ಎರಡಿಂಚು ಎದ್ದರೆ ಕಪ್ಲರ್ ಕಚ್ಚಿದೆ ಎಂದರ್ಥ. ಸರಪಳಿ ಎರಡನ್ನೂ ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ. ಕಪ್ಲರ್ ಕಳಚಿದರೂ ಮೂತಿ ಆ ತೊಟ್ಟಿಲಲ್ಲಿ ಕೂರುತ್ತದೆ, ನೆಲಕ್ಕೆ ಕುತ್ತುವುದಿಲ್ಲ. ಟ್ರೇಲರ್ ಕಳಚಿದರೆ ಅದರ ಬ್ರೇಕ್ ಎಳೆಯುವ ಬ್ರೇಕ್‌ಅವೇ ತಂತಿಯನ್ನು ಮಾತ್ರ ಸರಪಳಿಗಾಗಲಿ ಬಾಲ್ ಕೂರುವ ಪಟ್ಟಿಗಾಗಲಿ ಸಿಕ್ಕಿಸಬೇಡಿ. ಆ ಪಟ್ಟಿಯೇ ಕಳಚಿ ಬಂದರೆ ತಂತಿಯೂ ಜೊತೆಗೇ ಹೋಗುತ್ತದೆ, ಟ್ರೇಲರ್ ಬ್ರೇಕ್ ಹಿಡಿಯುವುದೇ ಇಲ್ಲ. ಟ್ರಕ್ಕಿನ ಚೌಕಟ್ಟಿಗೇ ಕಟ್ಟಿ.

ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುವುದನ್ನು ಕಂಡವರಿಗೆ ಟ್ರೇಲರ್‌ಗೆ ಅದರದ್ದೇ ಬ್ರೇಕ್ ಯಾಕೆ ಎನಿಸಬಹುದು. ಆ ಟ್ರ್ಯಾಕ್ಟರ್ ನಿಧಾನ ಹೋಗುತ್ತದೆ, ಆದರೂ ಇಳಿಜಾರಿನಲ್ಲಿ ಹಿಂದಿನ ಹೇರು ತಳ್ಳಿ ಮಗುಚುವುದುಂಟು. ಅಮೆರಿಕದಲ್ಲಿ ಹಲವು ರಾಜ್ಯಗಳು 3,000 ಪೌಂಡ್ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ ಮಾಡಿವೆ. ಕ್ಯಾಲಿಫೋರ್ನಿಯಾದಲ್ಲಿ ಮಿತಿ ಇನ್ನೂ ಕಡಿಮೆ, 1,500. ವಿದ್ಯುತ್ ಬ್ರೇಕ್ ಇದ್ದರೆ ಡ್ರೈವರ್ ಬಳಿಯ ಬ್ರೇಕ್ ಕಂಟ್ರೋಲರ್‌ನ ಗೇನ್, ಅಂದರೆ ಟ್ರೇಲರ್ ಬ್ರೇಕಿಗೆ ಕೊಡುವ ಬಲದ ಮಟ್ಟ, ಹೊಂದಿಸದೆ ರಸ್ತೆಗಿಳಿಯಬೇಡಿ. ಖಾಲಿ, ಸಮತಟ್ಟಾದ ಜಾಗದಲ್ಲಿ 20-25 ಮೈಲಿ ವೇಗದಲ್ಲಿ ಹೋಗುತ್ತಾ ಕಂಟ್ರೋಲರ್‌ನ ಸನ್ನೆಯನ್ನಷ್ಟೇ (ಲಿವರ್) ಒತ್ತಿ. ಟ್ರೇಲರ್ ಹಿಂದಕ್ಕೆ ಜಗ್ಗಬೇಕು. ಚಕ್ರ ಕಚ್ಚಿ ಜಾರುವವರೆಗೆ ಗೇನ್ ಏರಿಸಿ, ಆಮೇಲೆ ಒಂದು ಹೆಜ್ಜೆ ಇಳಿಸಿ. ತೂಕ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಬಾಲ ಬೀಸತೊಡಗಿದರೆ ಈ ಸನ್ನೆಯೇ ಕಾಯುವುದು. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿಯಿರಿ, ಟ್ರಕ್ಕಿನ ಬ್ರೇಕ್ ತುಳಿಯಬೇಡಿ, ಸನ್ನೆ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಿಡಿಯಿರಿ. ಹಿಂದಿನಿಂದ ಜಗ್ಗಿದಾಗ ಅದು ತಾನೇ ನೇರವಾಗುತ್ತದೆ. ಆಮೇಲೆ ಬದಿಗೆ ನಿಲ್ಲಿಸಿ ಸಾಮಾನು ಮುಂದಕ್ಕೆ ಸರಿಸಿ. ಕಾರಣ ಹೆಚ್ಚಿನ ಸಲ ಅಲ್ಲೇ ಇರುತ್ತದೆ.

ತೂಗುವ ವಿಚಾರದಲ್ಲಿ ನಾವು ಅಮೆರಿಕದವರಿಂದ ಕಲಿಯಬೇಕು. ಮುಟ್ಟಿ ನೋಡುವ ವಿಚಾರದಲ್ಲಿ ಅವರು ನಮ್ಮ ಲಾರಿಯವರಿಂದ ಕಲಿಯಬೇಕು. ನಮ್ಮ ಕಡೆ ಲಾರಿ ನಿಂತ ಕೂಡಲೇ ಕ್ಲೀನರ್ ಕೆಳಗಿಳಿದು ರಾಡ್ ಹಿಡಿದು ಒಂದೊಂದೇ ಟೈರಿಗೆ ಬಡಿದು ಸುತ್ತು ಬರುತ್ತಾನೆ, ಚಕ್ರದ ನಡುವಿನ ಹಬ್‌ಗೆ ಕೈ ಸೋಕಿಸುತ್ತಾನೆ. ಜೋಡಿ ಟೈರಿನಲ್ಲಿ ಒಳಗಿನದು ಇಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬಡಿದಾಗ ಡಬ್ ಎಂದು ಸತ್ತ ದನಿ ಬರುತ್ತದೆ. ಬಡಿತದಿಂದ ಗೊತ್ತಾಗುವುದು ಪೂರ್ತಿ ಇಳಿದ ಟೈರು ಮಾತ್ರ, ಹತ್ತು ಹದಿನೈದು ಪಿಎಸ್‌ಐ ಕಡಿಮೆಯಾದದ್ದಕ್ಕೆ ಗೇಜ್ ಬೇಕೇ ಬೇಕು. ಆದರೆ ಹಬ್ ಮುಟ್ಟುವ ಆ ಅಭ್ಯಾಸ ಬಂಗಾರದಂಥದ್ದು. ಅನೇಕ ಟ್ರೇಲರ್‌ಗಳಲ್ಲಿ ಬೇರಿಂಗ್‌ನ ಬಿಸಿ ಹೇಳುವ ಸೆನ್ಸರ್ ಇರುವುದಿಲ್ಲ, ಟ್ರಕ್ಕಿನ ಡ್ಯಾಶ್‌ಬೋರ್ಡ್ ಎಷ್ಟೇ ಹೊಸದಿದ್ದರೂ ಟ್ರೇಲರ್‌ನ ಹಬ್ ಅದಕ್ಕೆ ಕಾಣುವುದಿಲ್ಲ.

ಪ್ರತಿ ನಿಲುಗಡೆಯಲ್ಲೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನಾಲ್ಕೂ ಹಬ್‌ಗಳ ಬಿಸಿ ನೋಡಿ. ಅದು ಇಲ್ಲದಿದ್ದರೆ ಅಂಗೈ ಬೇಡ, ಕೈಯ ಹಿಂಬದಿಯನ್ನು ಮೆಲ್ಲಗೆ ಹತ್ತಿರ ತನ್ನಿ. ಎಷ್ಟು ಡಿಗ್ರಿ ಎನ್ನುವುದಕ್ಕಿಂತ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಎನ್ನುವುದು ಮುಖ್ಯ. ಬಿಸಿಲಿನ ಬದಿಯ ಚಕ್ರಗಳು ತುಸು ಹೆಚ್ಚೇ ಕಾದಿರುತ್ತವೆ, ಅದು ಸಹಜ. ಒಂದೇ ಬದಿಯ ಎರಡರಲ್ಲಿ ಒಂದು ಬೇರೆಯಾಗಿ ಕಾದಿದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಶೂ ಅಂಟಿಕೊಂಡಿದೆ. ಜಾಕ್ ಹಾಕಿ ಚಕ್ರ ತಿರುಗಿಸಿ: ಉಜ್ಜುತ್ತಾ ಬೇಗ ನಿಂತರೆ ಬ್ರೇಕ್, ಗರಗರ ಎಂದರೆ, ಇಲ್ಲವೇ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕರೆ ಬೇರಿಂಗ್. ಬೆಟ್ಟ ಇಳಿದ ಮೇಲೂ ಒಂದು ಹಬ್ ಮಾತ್ರ ತಣ್ಣಗಿದ್ದರೆ ಸಂತೋಷಪಡಬೇಡಿ, ಆ ಚಕ್ರದ ಬ್ರೇಕ್ ಕೆಲಸ ಮಾಡುತ್ತಿಲ್ಲ. ಮ್ಯಾಗ್ನೆಟ್ ಸವೆದಿರಬಹುದು, ತಂತಿ ಕಡಿದಿರಬಹುದು, ಬಿಳಿ ತಂತಿಯ ಅರ್ಥಿಂಗ್ ತುಕ್ಕು ಹಿಡಿದಿರಬಹುದು. ಟ್ರೇಲರ್ ದೀಪಗಳ ತೊಂದರೆಗೂ ಹೆಚ್ಚಾಗಿ ಇದೇ ಅರ್ಥಿಂಗ್ ಕಾರಣ.

ಬೇರಿಂಗ್‌ಗೆ 12,000 ಮೈಲಿ ಅಥವಾ 12 ತಿಂಗಳು, ಯಾವುದು ಮೊದಲೋ ಆಗ ಹೊಸ ಗ್ರೀಸ್. ವರ್ಷದಲ್ಲಿ ಎರಡೇ ಸಲ ಎಳೆದವರೂ ಇದನ್ನು ತಪ್ಪಿಸಬಾರದು, ನಿಂತ ಗಾಡಿಯ ಹಬ್‌ನಲ್ಲಿ ತೇವ ಸೇರಿ ರೋಲರ್ ಮೇಲೆ ತುಕ್ಕಿನ ಕಲೆ ಕೂರುತ್ತದೆ. ಹಳೆಯ ಗ್ರೀಸನ್ನು ಪೂರ್ತಿ ತೊಳೆದು ತೆಗೆಯಿರಿ. ಲಿಥಿಯಂ ಗ್ರೀಸಿನ ಮೇಲೆ ಪಾಲಿಯೂರಿಯಾ ತುಂಬಿದರೆ ಎರಡೂ ಬೆರೆತು ನೀರಾಗಿ ಹರಿದುಹೋಗಬಹುದು. ಬಿಗಿಯುವುದರಲ್ಲೇ ಹಲವರು ಎಡವುತ್ತಾರೆ. ಹಬ್ ತಿರುಗಿಸುತ್ತಲೇ ನಟ್ಟನ್ನು ಸುಮಾರು 50 ಅಡಿ-ಪೌಂಡ್‌ಗೆ ಬಿಗಿದು ಬೇರಿಂಗ್ ಕೂರಿಸಿ, ನಟ್ ಪೂರ್ತಿ ಸಡಿಲಿಸಿ, ಆಮೇಲೆ ಬೆರಳಿನಿಂದ ಮಾತ್ರ ಬಿಗಿದು ಪಿನ್ ಹಾಕಿ. ತೂತು ಸರಿ ಕೂಡದಿದ್ದರೆ ತುಸು ಸಡಿಲಿಸಿ, ಬಿಗಿಯಬೇಡಿ. ಪಾನ ಹಾಕಿ ಬಿಗಿದ ಬೇರಿಂಗ್ ಉರಿದುಹೋಗುತ್ತದೆ. ಚಕ್ರ ಕಳಚಿ ಹಾಕಿದ ಮೇಲೆ 10, 25, 50 ಮೈಲಿಗೆ ಒಮ್ಮೊಮ್ಮೆ ನಿಲ್ಲಿಸಿ ಟಾರ್ಕ್ ರೆಂಚ್‌ನಿಂದ ನಟ್‌ಗಳನ್ನು ನೋಡಿ.

ಇಷ್ಟೆಲ್ಲ ಅಳೆದದ್ದನ್ನು ಬರೆದಿಡದಿದ್ದರೆ ಮುಂದಿನ ವರ್ಷ ಹೋಲಿಸಲು ಏನೂ ಇರುವುದಿಲ್ಲ. ನಮ್ಮ ಲಾರಿ ಮಾಲೀಕರ ಬಳಿ ಎಣ್ಣೆಯ ಕಲೆಯಾದ ಒಂದು ಲೆಕ್ಕದ ಪುಸ್ತಕವಿರುತ್ತದೆ. ಇಲ್ಲಿ ಲೆಕ್ಕವೆಲ್ಲ ಸರ್ವಿಸ್ ಸೆಂಟರ್‌ನ ಕಂಪ್ಯೂಟರಿನಲ್ಲೋ ಯಾವುದೋ ಆ್ಯಪ್‌ನಲ್ಲೋ ಇರುತ್ತದೆ. ಆ್ಯಪ್ ನಿಂತ ದಿನ ಅದೂ ಹೋಯಿತು. ಪುಸ್ತಕ ನಮ್ಮದೇ ಆಗಿರಬೇಕು. ಮನೆಯ ಹಳೆಯ ಲ್ಯಾಪ್‌ಟಾಪ್‌ಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ನಡೆಸುವ ಡಾಕರ್ ಮೂಲಕ, ಗಾಡಿಯ ಲೆಕ್ಕ ಇಡುವ ಲ್ಯೂಬ್‌ಲಾಗರ್ ಎಂಬ ಮುಕ್ತ ತಂತ್ರಾಂಶ ನಡೆಸಿದರೆ ಗಾಡಿಗೊಂದು, ಟ್ರೇಲರ್‌ಗೊಂದು ಖಾತೆ ತೆರೆಯಬಹುದು. ಅದೂ ಹೆಚ್ಚೆನಿಸಿದರೆ ಲಿಬ್ರೆಆಫೀಸಿನ ಒಂದು ಲೆಕ್ಕದ ಹಾಳೆ (ಸ್ಪ್ರೆಡ್‌ಶೀಟ್) ಸಾಕು. ಆಕ್ಸಲ್ ತೂಕದ ಮೂರು ಅಂಕಿ, ನಾಲ್ಕು ಹಬ್‌ಗಳ ಬಿಸಿ, ಗೇನ್ ಎಷ್ಟಿತ್ತು, ಗ್ರೀಸ್ ಯಾವುದು, ಟೈರಿನ ಬದಿಯಲ್ಲಿ ಅಚ್ಚೊತ್ತಿರುವ ಡಿಒಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಇವನ್ನು ಬರೆಯಿರಿ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದ್ದು. ಗೆರೆ ಎಷ್ಟೇ ಚೆನ್ನಾಗಿದ್ದರೂ ಟ್ರೇಲರ್ ಟೈರನ್ನು ಐದಾರು ವರ್ಷಕ್ಕಿಂತ ಹೆಚ್ಚು ನಂಬಬಾರದು.

ಹಳೆಯ ಲ್ಯಾಪ್‌ಟಾಪ್ ಹಗಲೂ ರಾತ್ರಿ ನಡೆಯುವುದರಿಂದ ಬ್ಯಾಟರಿ ಉಬ್ಬಿದೆಯೇ ಎಂದು ಆಗಾಗ ನೋಡಿ, ಉಬ್ಬಿದ್ದರೆ ತೆಗೆಸಿಬಿಡಿ. ಹೊರಗಿನಿಂದ ನೋಡಬೇಕೆಂದು ರೂಟರ್‌ನಲ್ಲಿ ನೇರ ಪೋರ್ಟ್ (ಹೊರಗಿನವರಿಗೂ ತೆರೆದ ಬಾಗಿಲು) ತೆರೆಯಬೇಡಿ, ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿಕೊಳ್ಳಿ. ನಕಲು ತೆಗೆಯುವಾಗ ಕಂಟೇನರ್ ನಿಲ್ಲಿಸಿ, ಆಮೇಲೆ ಫೋಲ್ಡರನ್ನು ನಕಲು ಮಾಡುವ ಆರ್‌ಸಿಂಕ್ ಎಂಬ ಉಪಕರಣದಿಂದ ಹೊರಗಿನ ಡ್ರೈವ್‌ಗೆ ಹಾಕಿ. ಬರೆಯುತ್ತಿರುವಾಗಲೇ ನಕಲು ಮಾಡಿದ ಡೇಟಾಬೇಸ್ ಬೇಕಾದ ದಿನ ತೆರೆಯದೇ ಇರಬಹುದು. ಕೊನೆಯ ಸಲದ ತೂಕ ಮತ್ತು ಹಬ್ ಬಿಸಿಯ ಒಂದು ಮುದ್ರಿತ ಹಾಳೆಯನ್ನು ಗ್ಲೋವ್ ಬಾಕ್ಸ್‌ನಲ್ಲಿ ಥರ್ಮಾಮೀಟರ್ ಜೊತೆಗೇ ಇಡಿ. ಬೆಟ್ಟದ ತಪ್ಪಲಲ್ಲಿ ಫೋನಿಗೆ ಸಿಗ್ನಲ್ ಸಿಗದಿದ್ದರೂ ಎಡ ಹಿಂದಿನ ಹಬ್ ಹೋದ ಸಲ ಎಷ್ಟಿತ್ತು ಎಂದು ಅಲ್ಲೇ ನೋಡಿಕೊಳ್ಳಬಹುದು.