ಊಟದ ಮಾತೇ ಬಿಟ್ಟುಹೋಗಿದೆ

ದೇವರೇ ಯೇಸುವಾಗಿ ಬಂದ ಎನ್ನುವ ಕ್ರೈಸ್ತರ ನಂಬಿಕೆಯನ್ನು ಒಪ್ಪದೆ, ದೇವರು ಮನುಷ್ಯನಾಗಲಾರ ಅನ್ನುವ ಮುಸ್ಲಿಮರು ದೇವರ ಶಕ್ತಿಗೇ ಬೇಲಿ ಹಾಕುತ್ತಾರೆ ಎಂದು ಬರೆದಿದ್ದೀರಿ. ಒಪ್ಪಲಾರೆ. ಅವರ ತಕರಾರು ಶಕ್ತಿಯದ್ದಲ್ಲ. ಹಸಿವು, ನಿದ್ದೆ ಇರುವವನು ದೇವರು ಹೇಗಾದಾನು ಅನ್ನುವುದು. ಕುರ್‌ಆನಿನ 5ನೇ ಅಧ್ಯಾಯದ 75ನೇ ವಚನ ನೋಡಿ: ಈಸಾ (ಅಂದರೆ ಯೇಸು), ಅವರ ತಾಯಿ ಮರ್ಯಮ್ ಇಬ್ಬರೂ ಊಟ ಮಾಡುತ್ತಿದ್ದರು. ವಾದ ಅಷ್ಟೇ, ಎಷ್ಟು ಸರಳ ಅಲ್ವಾ!

ತಮಾಷೆ ಏನಂದ್ರೆ, ಯೇಸು ನಿಜಕ್ಕೂ ಮನುಷ್ಯನಾಗಿದ್ದ ಎನ್ನಲು ಕ್ರೈಸ್ತರೂ ತೋರಿಸುವುದು ಅದೇ ಊಟ, ಅದೇ ನಿದ್ದೆಯನ್ನು. ಬಿರುಗಾಳಿಗೆ ದೋಣಿಯೊಳಗೆ ನೀರು ನುಗ್ಗುತ್ತಿದ್ದರೂ ಯೇಸು ದಿಂಬಿಗೆ ತಲೆಯಿಟ್ಟು ಮಲಗಿದ್ದ ಎನ್ನುತ್ತದೆ ಬೈಬಲಿನ ಮಾರ್ಕನ ಸುವಾರ್ತೆ. ಅವರ ಪ್ರಕಾರ ದೇವರತನ ಕಳೆದುಹೋಗಿ ಮನುಷ್ಯನಾದದ್ದಲ್ಲ, ದೇವರತನ, ಮನುಷ್ಯತನ ಎರಡೂ ಬೆರೆಯದೆ ಒಬ್ಬನಲ್ಲೇ ಇವೆ. ಕ್ರಿ.ಶ. 451ರಲ್ಲಿ ಕಾಲ್ಸೆಡಾನ್ ಊರಿನಲ್ಲಿ ಸೇರಿದ ಬಿಷಪ್‌ಗಳ ಸಭೆಯ ತೀರ್ಮಾನ ಇದು. ಆ ಮಾತಿಗೇ ಮುನಿದು ಈಜಿಪ್ಟಿನ ಕಾಪ್ಟಿಕ್ ಚರ್ಚು ಬೇರೆ ದಾರಿ ಹಿಡಿಯಿತು.